‘ಹಳೇ ಶೀಟು ಇಳಿಸುವುದು: ಫ್ರೀ’ – ಬಾಡಿಗೆ ಮನೆಯ ಛಾವಣಿ ಬದಲಿಸಿದ ತಂಡದ ಕುರಿತು

ಧಾರವಾಡದ ಮಾಳಮಡ್ಡಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಹಿಂಭಾಗದ, ಆಸ್‌ಬೆಸ್ಟಾಸ್ ಬೆರೆತ ಸಿಮೆಂಟ್ ಶೀಟಿನ ಛಾವಣಿಯನ್ನು ಕಳೆದ ಮೇ ತಿಂಗಳಲ್ಲಿ ತೆಗೆಸಿ, ಬಣ್ಣದ ಲೋಹದ ತಗಡು ಹಾಕಿಸಲಾಯಿತು. ಕೆಲಸ ಮಾಡಿದ್ದು ಹುಬ್ಬಳ್ಳಿಯಿಂದ ಬಂದ ನಾಲ್ಕು ಜನರ ತಂಡ. ಅವರು ಕೊಟ್ಟ ಎಸ್ಟಿಮೇಟಿನ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ಒಂಬತ್ತು ಸಾಲುಗಳಿವೆ. ತಗಡಿನ ದಪ್ಪ, ಚೌಕ ಪೈಪಿನ ಅಳತೆ, ಸ್ಕ್ರೂಗಳ ಲೆಕ್ಕ, ವೆಲ್ಡಿಂಗ್, ಗೋಡೆಯಂಚಿನ ಪಟ್ಟಿ, ಕೂಲಿ, ಗಾಡಿ ಬಾಡಿಗೆ ಹೀಗೆ ಎಂಟು ಸಾಲುಗಳ ಎದುರಿಗೆ ರೂಪಾಯಿಗಳಲ್ಲಿ ಮೊತ್ತ ಬರೆದಿದೆ. ಒಂಬತ್ತನೆಯ ಸಾಲಿನಲ್ಲಿ ‘ಹಳೇ ಶೀಟು ಇಳಿಸುವುದು’ ಎಂದು ಬರೆದು, ಎದುರಿಗೆ ‘ಫ್ರೀ’ ಎಂದಿದೆ. ಈ ವಿಮರ್ಶೆಯ ಹೆಚ್ಚಿನ ಭಾಗ ಆ ಒಂಬತ್ತನೆಯ ಸಾಲಿಗೆ ಸಂಬಂಧಿಸಿದ್ದು. ತಂಡದ ಹೆಸರನ್ನು ನಾನು ಬರೆಯುತ್ತಿಲ್ಲ. ಅವರು ಮಾಡಿದ ತಪ್ಪುಗಳನ್ನು ನಾನು ವಿಚಾರಿಸಿದ ಉಳಿದ ಇಬ್ಬರೂ ಮಾಡುತ್ತಿದ್ದರು ಎಂಬ ಬಗ್ಗೆ ನನಗೆ ಸಂಶಯವಿಲ್ಲ. ಇವರು ತಿದ್ದಿಕೊಂಡಷ್ಟು ಅವರು ತಿದ್ದಿಕೊಳ್ಳುತ್ತಿದ್ದರೋ ಇಲ್ಲವೋ ಹೇಳಲಾರೆ.

ಮನೆಯ ವಿವರವನ್ನು ಮೊದಲು ಹೇಳಬೇಕು. ಮುಂದಿನ ಎರಡು ಕೋಣೆಗಳಿಗೆ ಕಾಂಕ್ರೀಟ್ ಸ್ಲ್ಯಾಬ್ ಇದೆ. ಹಿಂದಿನ ಅಡುಗೆಮನೆ, ಬಚ್ಚಲು ಮತ್ತು ಅವೆರಡರ ನಡುವಿನ ಕಿರಿದಾದ ಜಾಗಕ್ಕೆ, ಮಾಲಕರ ತಂದೆಯವರ ಕಾಲದಲ್ಲಿ, ಅಂದರೆ ಸುಮಾರು ನಲವತ್ತು ವರ್ಷಗಳ ಹಿಂದೆ, ಕಟ್ಟಿಗೆಯ ತೊಲೆಗಳ ಮೇಲೆ ಹತ್ತು ಅಡಿ ಉದ್ದದ ಎಂಟು ಶೀಟುಗಳನ್ನು ಹೊದಿಸಿದ್ದರು. ಲೋಹದ್ದಿರಲಿ, ಸಿಮೆಂಟಿನದಿರಲಿ, ನಮ್ಮ ಕಡೆ ಎಲ್ಲವನ್ನೂ ತಗಡು ಇಲ್ಲವೇ ಪತ್ರಾಸ್ ಎಂದೇ ಕರೆಯುವ ರೂಢಿಯಿರುವುದರಿಂದ, ಬಾಡಿಗೆಗೆ ಮನೆ ನೋಡಲು ಹೋದವರಿಗೆ ಛಾವಣಿ ಯಾವುದರದು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ‘ಹಿಂದ ತಗಡೈತ್ರಿ’ ಎಂದರೆ ಮಾತು ಮುಗಿಯಿತು. ನಾವೂ ಆರು ವರ್ಷಗಳ ಹಿಂದೆ ಹಾಗೆಯೇ ಒಪ್ಪಿಕೊಂಡು, ಡಿಪಾಜಿಟ್ ಕೊಟ್ಟು, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿ ಬಂದೆವು.

ಧಾರವಾಡದಲ್ಲಿ ಮಂಗಗಳು ಓಡಾಡದ ಓಣಿ ಕಡಿಮೆ. ಪಕ್ಕದ ಮಾವಿನ ಮರದಿಂದ ನಮ್ಮ ಶೀಟಿನ ಮೇಲೆ, ಶೀಟಿನಿಂದ ಹಿಂದಿನ ಮನೆಯ ಕಂಪೌಂಡಿನ ಮೇಲೆ ಜಿಗಿಯುವುದು ಅವುಗಳ ದಿನನಿತ್ಯದ ದಾರಿ. ಅವುಗಳ ಭಾರಕ್ಕೆ ಮೂರು ಶೀಟುಗಳು ಸೀಳು ಬಿಟ್ಟಿದ್ದವು, ಒಂದರ ಅಂಚು ಆಲಿಕಲ್ಲು ಮಳೆಗೆ ಮುರಿದಿತ್ತು. ಪ್ರತಿ ಮಳೆಗಾಲದ ಮುಂಚೆ ಮಾಲಕರು ಸೀಳುಗಳಿಗೆ ಎಂ-ಸೀಲ್ ಮೆತ್ತಿಸಿ, ಮೇಲೊಂದು ಡಾಂಬರು ಪಟ್ಟಿ ಅಂಟಿಸಿ ಕಳಿಸುತ್ತಿದ್ದರು. ಇದಕ್ಕಿಂತ ದೊಡ್ಡ ತಪ್ಪನ್ನು ನಾನೇ ಮಾಡುತ್ತಿದ್ದೆ. ಮಾರ್ನವಮಿಗೆ ಮುಂಚೆ ಮನೆಯನ್ನೆಲ್ಲ ಬಳಿದು ತೊಳೆಯುವುದು ನಮ್ಮಲ್ಲಿ ಬಿಡಲಾಗದ ಪದ್ಧತಿ. ಪ್ರತಿ ವರ್ಷವೂ ಉದ್ದನೆಯ ಕೋಲಿಗೆ ಕಸಬರಿಗೆ ಕಟ್ಟಿ, ಶೀಟಿನ ಒಳಮೈಗೆ ಹತ್ತಿದ ಜೇಡರ ಬಲೆಯನ್ನೂ ಒಲೆಯ ಇಲ್ಲಣವನ್ನೂ ಕೆರೆದು ಬೀಳಿಸುತ್ತಿದ್ದೆ. ಮೂಗಿಗೆ ಸೆರಗು ಸುತ್ತಿಕೊಂಡಿದ್ದೇ ದೊಡ್ಡ ಎಚ್ಚರಿಕೆ ಎಂದುಕೊಂಡಿದ್ದೆ. ಹಳೆಯ ಸಿಮೆಂಟ್ ಶೀಟಿನ ಮೇಲೆ ಮಾಡಬಾರದ ಕೆಲಸಗಳಲ್ಲಿ ಒಣ ಕಸಬರಿಗೆಯಿಂದ ಉಜ್ಜುವುದೂ ಒಂದು ಎಂದು ನನಗೆ ತಿಳಿದದ್ದು ಐದು ದಸರೆಗಳು ಕಳೆದ ಮೇಲೆ, ಸೀಳಿನ ಕೆಳಗಿನ ಕಪಾಟಿನ ಮೇಲೆ ಒರೆಸಿದಷ್ಟೂ ಮತ್ತೆ ಕೂರುತ್ತಿದ್ದ ಬೂದು ಪುಡಿ ಎಲ್ಲಿಂದ ಬರುತ್ತದೆ ಎಂದು ಹುಡುಕಿ ಓದತೊಡಗಿದಾಗ.

ಆಸ್‌ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಸರಿಯಾದ ಹೆಸರಿದೆ. ಕಲ್ಲಿನೊಳಗೆ ನಾರಿನ ರೂಪದಲ್ಲಿ ಸಿಗುವ ಆರು ಬಗೆಯ ಖನಿಜಗಳಿಗೆ ಈ ಹೆಸರು ಸಲ್ಲುತ್ತದೆ. ಶೀಟುಗಳಲ್ಲಿ ಬಳಸುವುದು ಹೆಚ್ಚಾಗಿ ಕ್ರೈಸೊಟೈಲ್ ಎಂಬ ಬಿಳಿ ಕಲ್ನಾರನ್ನು. ಶೀಟಿನ ತೂಕದಲ್ಲಿ ನೂರಕ್ಕೆ ಎಂಟರಿಂದ ಹತ್ತು ಪಾಲು ಮಾತ್ರ ಈ ನಾರು, ಉಳಿದದ್ದರಲ್ಲಿ ಹೆಚ್ಚಿನದು ಸಿಮೆಂಟು. ಎಂಟು ಪಾಲು ಎಂದರೆ ಕಡಿಮೆ ಎನಿಸಬಹುದು. ಆದರೆ ಹತ್ತು ಅಡಿಯ ಒಂದು ಶೀಟು ನಲವತ್ತು ಕಿಲೋ ತೂಗುತ್ತದೆ, ನಮ್ಮ ಎಂಟು ಶೀಟುಗಳು ಮುನ್ನೂರು ಕಿಲೋ ದಾಟುತ್ತವೆ. ಹಾಗಾಗಿ ಅನ್ನದ ಪಾತ್ರೆಯ ಮೇಲೆ ಇಪ್ಪತ್ತೈದು ಕಿಲೋಗಳಷ್ಟು ಕಲ್ನಾರನ್ನು ಹೊದ್ದು ನಾವು ಆರು ವರ್ಷ ಅಡುಗೆ ಮಾಡಿದಂತಾಯಿತು. ನಾರು ಸಿಮೆಂಟಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುವವರೆಗೆ ಅಪಾಯ ಕಡಿಮೆ. ಒಡಕಿಲ್ಲದ ಶೀಟಿನ ಕೆಳಗೆ ಮಲಗಿದವರೆಲ್ಲ ಕಾಯಿಲೆ ಬೀಳುತ್ತಾರೆಂದು ಹೆದರಿ ಮನೆ ಖಾಲಿ ಮಾಡಬೇಕಾಗಿಲ್ಲ. ಶೀಟನ್ನು ಕೊಯ್ದಾಗ, ತೂತು ಕೊರೆದಾಗ, ಕೆರೆದಾಗ, ಒಡೆದಾಗ, ಇಲ್ಲವೇ ದಶಕಗಳ ಮಳೆ ಬಿಸಿಲಿಗೆ ಮೇಲ್ಮೈಯ ಸಿಮೆಂಟು ಸವೆದು ಪಾಚಿ ಹಿಡಿದಾಗ ನಾರುಗಳು ಬಿಡಿಯಾಗಿ ಗಾಳಿಗೆ ಸೇರುತ್ತವೆ. ಗಾಳಿಯ ಪರೀಕ್ಷೆಯಲ್ಲಿ ಎಣಿಸುವ ನಾರುಗಳ ದಪ್ಪ ಮೂರು ಮೈಕ್ರಾನಿಗಿಂತ ಕಡಿಮೆ, ತಲೆಗೂದಲಿನ ದಪ್ಪ ಎಪ್ಪತ್ತು ಮೈಕ್ರಾನಿನ ಆಸುಪಾಸು. ಸೆರಗು ಎಂಥ ರಕ್ಷಣೆ ಕೊಟ್ಟಿರಬಹುದೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಒಳಗೆ ಹೋದ ನಾರಿನಲ್ಲಿ ಒಂದಷ್ಟು ಶ್ವಾಸಕೋಶದಲ್ಲೇ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಿಳಿಯದೂ ಸೇರಿದಂತೆ ಎಲ್ಲ ಬಗೆಯ ಕಲ್ನಾರನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಶ್ವಾಸಕೋಶದ ಕ್ಯಾನ್ಸರ್, ಗಂಟಲಗೂಡಿನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಮತ್ತು ಶ್ವಾಸಕೋಶ, ಹೊಟ್ಟೆಗಳ ಹೊದಿಕೆಯ ಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಈ ಪಟ್ಟಿಯಲ್ಲಿವೆ. ಬಹುಕಾಲ ಹೆಚ್ಚು ಧೂಳು ಕುಡಿದವರಿಗೆ ಶ್ವಾಸಕೋಶ ಗಡುಸಾಗುವ ಆಸ್‌ಬೆಸ್ಟೋಸಿಸ್ ಬೇರೆ. ಬೀಡಿ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ನಮ್ಮ ಅತ್ತೆಯವರಿಗೆ ಉಬ್ಬಸವಿದೆ. ಅದಕ್ಕೂ ಶೀಟಿಗೂ ನಾನು ಸಂಬಂಧ ಕಟ್ಟುವುದಿಲ್ಲ, ಏಕೆಂದರೆ ಕಲ್ನಾರು ತರುವ ಕಾಯಿಲೆಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಇಪ್ಪತ್ತರಿಂದ ಐವತ್ತು ವರ್ಷ ಹಿಡಿಯುತ್ತದೆ. ನನ್ನ ಚಿಂತೆ ಅದೇ ಅಡುಗೆಮನೆಯಲ್ಲಿ ಅಂಬೆಗಾಲಿಟ್ಟು ಬೆಳೆದ ಮಗನದು.

ಬ್ರಿಟನ್ ಬಿಳಿ ಕಲ್ನಾರನ್ನು 1999ರಲ್ಲಿ ನಿಷೇಧಿಸಿತು, ಐರೋಪ್ಯ ಒಕ್ಕೂಟದಲ್ಲಿ 2005ರಿಂದ ನಿಷೇಧವಿದೆ. ನಮ್ಮ ದೇಶದಲ್ಲಿ ಇದರ ಗಣಿಗಾರಿಕೆ ನಿಂತಿದ್ದರೂ ಆಮದಾಗಲಿ, ಶೀಟಿನ ತಯಾರಿಕೆಯಾಗಲಿ, ಮಾರಾಟವಾಗಲಿ ನಿಂತಿಲ್ಲ. ನಿಷೇಧ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರಲ್ಲಿ ತಳ್ಳಿಹಾಕಿತು. ಆದ್ದರಿಂದ ಬಾಡಿಗೆದಾರರು ಮಾಲಕರ ಮುಂದೆ ನಿಂತು ‘ಇದು ಕಾನೂನುಬಾಹಿರ’ ಎನ್ನಲು ಬರುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು, ಬಾಡಿಗೆದಾರನಿಗೆ ಸಾಮಾನ್ಯ ಎಚ್ಚರದಿಂದ ತಿಳಿಯಲಾಗದ ಮುಖ್ಯ ದೋಷವನ್ನು ಮಾಲಕ ಬಲ್ಲನಾದರೆ ಮುಂಚೆಯೇ ತಿಳಿಸಬೇಕು ಎನ್ನುತ್ತದೆ. ಆದರೆ ಛಾವಣಿಯ ಶೀಟು ತಲೆಯೆತ್ತಿದರೆ ಕಾಣುವ ವಸ್ತುವಾದ್ದರಿಂದ ಆ ಮಾತನ್ನು ಹಿಡಿದು ವಾದಿಸುವುದು ಕಷ್ಟ. ಅದೇ ಕಲಮಿನ ಇನ್ನೊಂದು ಭಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಾಲಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಯಾವ ರಿಪೇರಿ ಮಾಲಕನ ಹೊಣೆ ಎಂಬುದು ಕರಾರಿನ ಮೇಲೆ ನಿಲ್ಲುತ್ತದೆ. ನಮ್ಮ ಕರಾರಿನಲ್ಲಿ ‘ಛಾವಣಿ ಹಾಗೂ ಗೋಡೆಗಳ ರಿಪೇರಿ ಮಾಲಕರದು’ ಎಂಬ ಒಂದು ಸಾಲು ಅದೃಷ್ಟಕ್ಕೆ ಇತ್ತು.

ನೋಟೀಸು ಕೊಡುವ ಪ್ರಸಂಗ ಬರಲಿಲ್ಲ. ಮಾಲಕರನ್ನು ನಾವು ಕಾಕಾರು ಎಂದೇ ಕರೆಯುತ್ತೇವೆ, ಅವರು ಒಳ್ಳೆಯವರು. ಮೊದಲಿಗೆ ‘ನಮ್ಮ ಅಪ್ಪಾರ ಹಾಕಿಸಿದ್ದವ್ವಾ, ನಾವೆಲ್ಲಾ ಇದರ ಬುಡಕ ಉಂಡ ಬೆಳದೇವಿ’ ಎಂದರು. ನಾನು ಒದ್ದೆ ಬಟ್ಟೆಯಿಂದ ತೊಲೆಯ ಪಕ್ಕದ ಮಸಿಯನ್ನು ಒರೆಸಿ, ಅರ್ಧ ಅಳಿಸಿಹೋದ ‘459’ ಎಂಬ ಅಂಕಿಯನ್ನು ತೋರಿಸಿದೆ. ಆಸ್‌ಬೆಸ್ಟಾಸ್ ಸಿಮೆಂಟಿನ ಏರಿಳಿತದ ಶೀಟುಗಳಿಗೆ ಭಾರತೀಯ ಮಾನಕ ಸಂಸ್ಥೆ ಕೊಟ್ಟಿರುವ ಸಂಖ್ಯೆ ಐಎಸ್ 459. ಈ ಗುರುತು ಸಿಗದಿದ್ದರೆ ಕಣ್ಣಳತೆಯಿಂದ ನಿರ್ಧರಿಸಲು ಆಗುವುದಿಲ್ಲ. ಕಲ್ನಾರಿಲ್ಲದ, ಬೇರೆ ನಾರು ಬೆರೆಸಿದ ಸಿಮೆಂಟ್ ಶೀಟುಗಳೂ ಈಗ ಬರುತ್ತವೆ, ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ನೋಡಿದರಷ್ಟೇ ವ್ಯತ್ಯಾಸ ಖಚಿತವಾಗುತ್ತದೆ. ಹಳೆಯ ಶೀಟಾದರೆ ಕಲ್ನಾರು ಇದೆ ಎಂದೇ ತಿಳಿದು ನಡೆಯುವುದು ಕ್ಷೇಮ. ಪರೀಕ್ಷೆಗೆಂದು ನಾವೇ ಮೂಲೆ ಮುರಿಯುವುದು ಎಲ್ಲಕ್ಕಿಂತ ಕೆಟ್ಟ ವಿಚಾರ. ಅಂಕಿಗಿಂತಲೂ ಕಾಕಾರ ಮನಸ್ಸು ತಿರುಗಿಸಿದ್ದು ಬಹುಶಃ ಏಪ್ರಿಲ್ಲಿನ ಅಡ್ಡ ಮಳೆಗೆ ಸೋರಿ ನೆನೆದ ಅವರದೇ ಗೋಡೆ. ಅಂತೂ ಛಾವಣಿಯ ಖರ್ಚನ್ನು ಅವರು ಒಪ್ಪಿಕೊಂಡರು, ಕೆಲಸದವರನ್ನು ಹುಡುಕುವ ಹೊಣೆಯನ್ನು ನನಗೆ ಬಿಟ್ಟರು.

ಮೂರು ಕಡೆ ವಿಚಾರಿಸಿದೆ. ಮೊದಲನೆಯವರು ಫೋನಿನಲ್ಲೇ, ಗ್ರೈಂಡರ್ ಹಿಡಿದರೆ ಎರಡು ತಾಸಿನಲ್ಲಿ ಎಲ್ಲ ಕೆಳಗಿರುತ್ತದೆ ಎಂದರು. ಎರಡನೆಯವರು ಹಳೆಯದನ್ನು ತೆಗೆಯುವುದೇ ಬೇಡ, ಅದರ ಮೇಲೆಯೇ ಹೊಸ ತಗಡು ಕೂರಿಸಿ ಉದ್ದನೆಯ ಸ್ಕ್ರೂ ಹೊಡೆಯೋಣ ಎಂದರು. ಈ ಉಪಾಯ ಅಗ್ಗದ್ದು ನಿಜ, ಆದರೆ ಪ್ರತಿ ಸ್ಕ್ರೂವಿಗೂ ಹಳೆಯ ಶೀಟಿನಲ್ಲಿ ಒಂದು ತೂತು ಕೊರೆದು ಅದರ ಪುಡಿಯನ್ನು ಅಡುಗೆಮನೆಗೆ ಬೀಳಿಸಬೇಕು, ಆಮೇಲೂ ಕಲ್ನಾರು ತಲೆಯ ಮೇಲೆಯೇ ಉಳಿಯುತ್ತದೆ. ಮೂರನೆಯವರೇ ಈ ತಂಡ. ಇವರ ಮೇಸ್ತ್ರಿ ಖುದ್ದಾಗಿ ಬಂದು, ಏಣಿ ಹತ್ತಿ, ಪ್ರತಿ ಬೋಲ್ಟನ್ನೂ ನೋಡಿ, ಎಷ್ಟು ತುಕ್ಕು ಹಿಡಿದಿವೆ ಎಂದು ಎಣಿಸಿಕೊಂಡು ಹೋದರು. ಆ ಒಂದು ಕಾರಣಕ್ಕೆ ನಾನು ಇವರನ್ನು ಆರಿಸಿದೆ.

ಇಳಿಸುವುದು ಯಾಕೆ ಉಚಿತ ಎಂದು ಕೇಳಿದಾಗ ಮೇಸ್ತ್ರಿ ಮುಚ್ಚುಮರೆಯಿಲ್ಲದೆ ಹೇಳಿದರು. ಇಡಿಯಾಗಿ ಸಿಕ್ಕ ಹಳೆಯ ಶೀಟಿಗೆ ಹಳ್ಳಿಗಳಲ್ಲಿ ಗಿರಾಕಿಗಳಿದ್ದಾರೆ, ದನದ ಕೊಟ್ಟಿಗೆಗೋ ಬಣವೆಯ ಮರೆಗೋ ಒಯ್ಯುತ್ತಾರೆ. ಒಡೆದ ಚೂರುಗಳನ್ನು ತಗ್ಗು ತುಂಬಲು ಹಾಕುತ್ತಾರೆ. ನಮ್ಮ ಮನೆಯ ಧೂಳನ್ನು ಇನ್ನೊಬ್ಬರ ಹಿತ್ತಲಿಗೆ ಸಾಗಿಸುವುದರಿಂದ ಬರುವ ಲಾಭವೇ ಆ ‘ಫ್ರೀ’ ಎಂಬುದರ ಅರ್ಥ. ನಾನು ಆ ಸಾಲನ್ನು ಹೊಡೆದುಹಾಕಿ, ಇಳಿಸುವ ಕೆಲಸಕ್ಕೆ ಬೇರೆಯಾಗಿ ಎರಡೂವರೆ ಸಾವಿರ ರೂಪಾಯಿ ಕೊಡುವುದಾಗಿಯೂ, ಆದರೆ ನಾನು ಹೇಳಿದ ಬಗೆಯಲ್ಲೇ ಇಳಿಸಬೇಕೆಂದೂ, ಶೀಟು ಯಾರಿಗೂ ಮಾರಬಾರದೆಂದೂ ಹಾಳೆಯ ಹಿಂದೆ ಬರೆದೆ. ಈ ಹಣ ನಮ್ಮದು. ಏರಿಸುವುದಕ್ಕೆ ಮಾಲಕರು ಕೊಟ್ಟರು, ಇಳಿಸುವುದಕ್ಕೆ ಬಾಡಿಗೆದಾರರು ಕೊಟ್ಟೆವು. ಇದು ನ್ಯಾಯವೇ ಎಂದು ಮನೆಯವರು ಕೇಳಿದರು. ನ್ಯಾಯವಲ್ಲ, ಆದರೆ ಉಸಿರು ನಮ್ಮದಾದ್ದರಿಂದ ಕಾಯುತ್ತ ಕೂರಲು ಆಗಲಿಲ್ಲ.

ನಾನು ಬರೆದುಕೊಟ್ಟ ಕ್ರಮ ಸರಳವಾಗಿತ್ತು. ಶೀಟಿನ ಎರಡೂ ಮೈಗೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿದ ನೀರನ್ನು ಪಂಪಿನಿಂದ ಮಂಜಿನಂತೆ ಹೊಡೆಯುವುದು, ಬೋಲ್ಟುಗಳನ್ನು ಪಾನದಿಂದ (ಸ್ಪ್ಯಾನರಿನಿಂದ) ಬಿಚ್ಚುವುದು, ಬಿಚ್ಚದಿದ್ದರೆ ಕೈ ಕಟರಿನಿಂದ ಕತ್ತರಿಸುವುದು, ಶೀಟನ್ನು ಇಬ್ಬರು ಹಿಡಿದು ಕೈಯಿಂದ ಕೈಗೆ ಇಳಿಸುವುದು, ನೆಲಕ್ಕೆ ಎಸೆಯದಿರುವುದು, ಎಲ್ಲರೂ ಮೂಗಿಗೆ ಬಿಗಿಯಾಗಿ ಕೂರುವ ಮಾಸ್ಕ್ ಹಾಕುವುದು. ಇದಕ್ಕೆ ಮೇಸ್ತ್ರಿ ಎತ್ತಿದ ಆಕ್ಷೇಪ ನನಗೆ ಹೊಳೆದಿರಲಿಲ್ಲ. ‘ಅಕ್ಕಾರ, ನೀರ ಹೊಡದ ಮ್ಯಾಲೆ ಶೀಟ ಜಾರತಾವ್ರಿ. ಹುಡುಗೂರು ಬಿದ್ದರ ಯಾರ ಜವಾಬ್ದಾರಿ?’ ಎಂದರು. ಅವರ ಮಾತು ಪೂರ್ತಿ ಸರಿ. ಹಳೆಯ ಸಿಮೆಂಟ್ ಶೀಟು ಮನುಷ್ಯನ ಭಾರ ತಾಳುವುದಿಲ್ಲ, ಅದನ್ನು ತುಳಿದು ಒಳಗೆ ಬಿದ್ದವರಿಗೆ ಅಪಾಯ ಆ ಕ್ಷಣದ್ದೇ, ಐವತ್ತು ವರ್ಷ ಕಾಯಬೇಕಿಲ್ಲ. ಕೊನೆಗೆ ಅವರೇ ದಾರಿ ಕಂಡರು. ಯಾರೂ ಶೀಟಿನ ಮೇಲೆ ಕಾಲಿಡಬಾರದು, ಒಳಗಿನಿಂದ ಮಂಚಿಕೆ ಕಟ್ಟಿ ಅದರ ಮೇಲೆ ನಿಂತು ಬಿಚ್ಚಬೇಕು, ಹೊರಗಿನ ಸಾಲಿಗೆ ಗೋಡೆಯಿಂದ ಗೋಡೆಗೆ ಹಲಗೆ ಹಾಕಬೇಕು, ನೀರನ್ನು ಸುರಿಯದೆ ತೇವವಾಗುವಷ್ಟೇ ಸಿಂಪಡಿಸಬೇಕು. ಓದಿ ಬರೆದ ನನ್ನ ಕ್ರಮಕ್ಕಿಂತ ಅವರು ತಿದ್ದಿದ ಕ್ರಮ ಉತ್ತಮವಾಗಿತ್ತು.

ಮಗನನ್ನೂ ಅತ್ತೆಯವರನ್ನೂ ಹಿಂದಿನ ದಿನವೇ ಗದಗಿನ ನಾದಿನಿಯ ಮನೆಗೆ ಕಳಿಸಿದ್ದೆವು. ಅಡುಗೆಮನೆಯ ಪಾತ್ರೆ, ಹಿಟ್ಟಿನ ಡಬ್ಬಿಗಳನ್ನೆಲ್ಲ ಮುಂದಿನ ಕೋಣೆಗೆ ಸಾಗಿಸಿ, ಕದಲಿಸಲಾಗದ ಕಟ್ಟೆ, ಕಪಾಟುಗಳಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ನಡುವಿನ ಬಾಗಿಲಿನ ಸಂದಿಗಳಿಗೆ ಟೇಪು ಅಂಟಿಸಿದೆವು. ಮುಂಜಾನೆ ಏಳಕ್ಕೆ ಕೆಲಸ ಆರಂಭವಾಯಿತು. ಮೊದಲ ನಾಲ್ಕು ಶೀಟುಗಳು ಇಳಿದ ಬಗೆಯನ್ನು ನೋಡಿ ನನಗೆ ಗೌರವವೇ ಹುಟ್ಟಿತು. ಒಬ್ಬ ಪಂಪು ಹಿಡಿದು ತೇವ ಮಾಡುತ್ತಿದ್ದ, ಇನ್ನೊಬ್ಬ ಬೋಲ್ಟು ಬಿಚ್ಚುತ್ತಿದ್ದ, ಮೇಸ್ತ್ರಿ ಮತ್ತು ನಾಲ್ಕನೆಯವನು ನಲವತ್ತು ಕಿಲೋ ಭಾರವನ್ನು ಮದುವೆಯ ಪಲ್ಲಕ್ಕಿಯಂತೆ ಜೋಪಾನವಾಗಿ ಇಳಿಸಿ ಹಿತ್ತಲಿನ ತಾಡಪತ್ರಿಯ ಮೇಲೆ ಮಲಗಿಸುತ್ತಿದ್ದರು. ಒಂದು ಚೂರೂ ಒಡೆಯಲಿಲ್ಲ.

ಐದನೆಯ ಶೀಟಿಗೆ ಎಲ್ಲ ಕೆಟ್ಟಿತು. ಬಚ್ಚಲಿನ ಹಬೆಗೆ ಆ ಸಾಲಿನ ಬೋಲ್ಟುಗಳು ಪೂರಾ ತುಕ್ಕು ಹಿಡಿದಿದ್ದವು. ಮೇಸ್ತ್ರಿ ಚಹಾ ಕುಡಿಯಲು ಹೊರಗೆ ಹೋದ ಹೊತ್ತಿನಲ್ಲಿ ಹುಡುಗನೊಬ್ಬ ಚೀಲದಿಂದ ಗ್ರೈಂಡರ್ ತೆಗೆದು ಹಚ್ಚಿಯೇಬಿಟ್ಟ. ನಾನು ಕೂಗಿ ನಿಲ್ಲಿಸುವಷ್ಟರಲ್ಲಿ ಬೋಲ್ಟಿನ ಜೊತೆ ಶೀಟಿನ ಏಣೂ ಕೊಯ್ದು, ಬೆಳಕಿನ ಕೋಲಿನಲ್ಲಿ ಬೂದು ಧೂಳು ಕುಣಿಯುತ್ತಿತ್ತು. ಹೆಚ್ಚೆಂದರೆ ಒಂದು ನಿಮಿಷ. ಗ್ರೈಂಡರ್ ತರುವುದೇ ಇಲ್ಲವೆಂದು ಮಾತು ಕೊಟ್ಟಿದ್ದ ತಂಡದ ಚೀಲದಲ್ಲಿ ಅದು ಇದ್ದದ್ದು ಯಾಕೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ‘ಯಾವಾಗಲೂ ಇರತೈತ್ರಿ’. ಒಪ್ಪಿಕೊಂಡಂತೆ ಕೈ ಕಟರನ್ನು ಅವರು ತಂದಿರಲೇ ಇಲ್ಲ, ಆಮೇಲೆ ಪೇಟೆಗೆ ಹೋಗಿ ತಂದರು. ಒಂದು ತಾಸು ಕೆಲಸ ನಿಂತಿತು. ನಾನು ಅಂಕ ಕಳೆಯುವುದು ಹೆಚ್ಚಾಗಿ ಇಲ್ಲಿಯೇ.

ಮಂಗಗಳು ಸೀಳಿದ್ದ ಶೀಟುಗಳಲ್ಲಿ ಒಂದು ಇಳಿಸುವಾಗಲೇ ಎರಡು ತುಂಡಾಯಿತು. ಅದು ಅವರ ತಪ್ಪಲ್ಲ. ಸೀಳಿನ ಉದ್ದಕ್ಕೂ ಮುಂಚೆಯೇ ಅಗಲವಾದ ಟೇಪು ಅಂಟಿಸಿದ್ದರೆ ತಡೆಯಬಹುದಿತ್ತೇನೋ, ಅದು ನನಗೂ ಹೊಳೆಯಲಿಲ್ಲ.

ಮಾಸ್ಕಿನ ಸಂಗತಿ ಬೇರೆಯೇ. ನಾನು ಎನ್-95 ಮಾಸ್ಕುಗಳನ್ನು ತಲೆಗೆ ಎರಡರಂತೆ ತಂದಿಟ್ಟಿದ್ದೆ. ಕಲ್ನಾರಿನ ಕೆಲಸಕ್ಕೆ ಇದಕ್ಕಿಂತ ಮೇಲಿನ ದರ್ಜೆಯವನ್ನು ಹೇಳುತ್ತಾರಾದರೂ ನಮ್ಮ ಪೇಟೆಯಲ್ಲಿ ಆ ದಿನ ಸಿಕ್ಕಿದ್ದು ಅಷ್ಟೇ, ಬಟ್ಟೆಯ ಮಾಸ್ಕಿಗಿಂತ ಎಷ್ಟೋ ಮೇಲು. ಹತ್ತು ಗಂಟೆಯ ಬಿಸಿಲಿಗೆ ಇಬ್ಬರ ಮಾಸ್ಕು ಗದ್ದಕ್ಕೆ ಇಳಿಯಿತು. ಮೂರನೆಯವನ ಬಾಯಲ್ಲಿ ಎಲೆ ಅಡಿಕೆ ಇತ್ತು, ಉಗುಳಲು ಐದು ನಿಮಿಷಕ್ಕೊಮ್ಮೆ ಮಾಸ್ಕು ಸರಿಸಲೇಬೇಕಿತ್ತು. ನಾನು ಮತ್ತೆ ಮತ್ತೆ ಹೇಳಿದ್ದಕ್ಕೆ ಮೇಸ್ತ್ರಿ ನಗುತ್ತ, ‘ಅಕ್ಕಾರ, ಇಪ್ಪತ್ತೆರಡ ವರ್ಷ ಆತು ಈ ಕೆಲಸಕ್ಕ, ನನಗೇನಾಗೇದ ಹೇಳ್ರಿ’ ಎಂದರು. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರಿನ ಕಾರ್ಖಾನೆಗಳಿಗೆ, ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ನಲವತ್ತು ವರ್ಷ ಇಲ್ಲವೇ ಕೆಲಸ ಬಿಟ್ಟ ಮೇಲೆ ಹದಿನೈದು ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿದ್ದನ್ನು ನಾನು ಹೇಳಿದೆ. ‘ಇಪ್ಪತ್ತೆರಡು ಅಂದರೆ ಇನ್ನೂ ಅರ್ಧ ದಾರಿ, ಮೇಸ್ತ್ರಿ’ ಎಂದೆ. ಅವರು ಏನೂ ಹೇಳಲಿಲ್ಲ, ಆದರೆ ಆಮೇಲೆ ಹುಡುಗರ ಮಾಸ್ಕಿನ ಮೇಲೆ ಅವರೇ ಕಣ್ಣಿಟ್ಟರು. ಕಾರ್ಖಾನೆಯ ಕಾರ್ಮಿಕನಿಗೆ ಕಾಗದದ ಮೇಲಾದರೂ ಇಂಥ ದಾಖಲೆ ಇದೆ. ಮನೆಮನೆಯ ಛಾವಣಿ ಬಿಚ್ಚುವ ಈ ಹುಡುಗರು ಯಾವ ಪುಸ್ತಕದಲ್ಲೂ ಇಲ್ಲ. ಸಂಜೆ ಅದೇ ಅಂಗಿಯಲ್ಲಿ ಮನೆಗೆ ಹೋಗಿ ಕೂಸನ್ನು ಎತ್ತಿಕೊಳ್ಳುತ್ತಾರೆಂದು ತಿಳಿದು, ಮನೆಯವರ ಹಳೆಯ ಅಂಗಿಗಳನ್ನು ಕೊಟ್ಟು ಬಚ್ಚಲಿನಲ್ಲಿ ಮೈ ತೊಳೆದುಕೊಂಡು ಬದಲಿಸಿಕೊಳ್ಳಲು ಹೇಳಿದೆ. ಮೂವರು ಬದಲಿಸಿದರು, ಒಬ್ಬ ನಾಚಿಕೊಂಡು ಹಾಗೆಯೇ ಹೋದ.

ಕೆಲಸ ಮುಗಿದ ಕೂಡಲೇ ಒಬ್ಬ ಅಭ್ಯಾಸದಂತೆ ಕಸಬರಿಗೆ ಎತ್ತಿಕೊಂಡ. ಅದನ್ನು ಇಸಿದುಕೊಂಡು ನೆಲ, ಗೋಡೆ, ತೊಲೆಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಗಳನ್ನು ತೊಳೆಯದೆ ಒದ್ದೆಯಾಗಿಯೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟೆವು. ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್ ಇದ್ದವರೂ ಅದನ್ನು ಇಲ್ಲಿ ಬಳಸಬಾರದು, ಅದರ ಚೀಲ ಇಷ್ಟು ಸಣ್ಣ ನಾರನ್ನು ಹಿಡಿಯದೆ ಹಿಂದಿನಿಂದ ಮನೆಯೆಲ್ಲ ಊದುತ್ತದೆ. ಮರುದಿನ ನಾನು ಇನ್ನೊಮ್ಮೆ ಒರೆಸಿದ ಮೇಲೆಯೇ ಪಾತ್ರೆಗಳು ಒಳಗೆ ಹೋದವು.

ಹೊಸ ಛಾವಣಿಯ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಆ ಕೆಲಸ ಅವರಿಗೆ ಕರಗತವಾದದ್ದು. ಅರ್ಧ ಮಿಲಿಮೀಟರ್ ದಪ್ಪದ ತಿಳಿ ಬಣ್ಣದ ತಗಡು, ಕೆಳಗೆ ಶಾಖ ತಡೆಯುವ ಗುಳ್ಳೆ ಹಾಳೆ, ರಬ್ಬರ್ ವಾಷರಿನ ಸ್ಕ್ರೂಗಳು, ಸರಿಯಾದ ಇಳಿಜಾರು, ಎಲ್ಲವೂ ಅಚ್ಚುಕಟ್ಟು. ಗೋಡೆ ಸೇರುವ ಕಡೆ ಜೂನಿನ ಮೊದಲ ಮಳೆಗೆ ಒಂದು ಹನಿ ಜಿನುಗಿತು, ಫೋನು ಮಾಡಿದ ಮೂರನೆಯ ದಿನ ಬಂದು ದುಡ್ಡು ಕೇಳದೆ ಸರಿಪಡಿಸಿದರು. ಮಧ್ಯಾಹ್ನದ ಕಾವು ಸಿಮೆಂಟ್ ಶೀಟಿಗಿಂತ ಹೆಚ್ಚು ಎಂಬುದನ್ನು ಒಪ್ಪಿಕೊಳ್ಳಬೇಕು. ಮಳೆ ಬಂದರೆ ಅಡುಗೆಮನೆಯಲ್ಲಿ ಮಾತು ಕೇಳಿಸುವುದಿಲ್ಲ. ಮಂಗಗಳ ಓಡಾಟ ಈಗ ನಗಾರಿ ಬಾರಿಸಿದಂತೆ, ಆದರೆ ಛಾವಣಿ ಸೀಳುವುದಿಲ್ಲ. ಮಂಗಳೂರು ಹಂಚು ತಂಪು ಎಂದು ಅತ್ತೆಯವರು ಈಗಲೂ ಹೇಳುತ್ತಾರೆ, ಮಾಳಮಡ್ಡಿಯ ಮಂಗಗಳ ಎದುರು ಹಂಚು ಎಷ್ಟು ದಿನ ಬಾಳುತ್ತದೆ ಎಂಬುದು ಅವರಿಗೂ ಗೊತ್ತು.

ಮಾಲಕರಿಗೆ ಬಂದ ಬಿಲ್ಲು ಮೂವತ್ತಾರು ಸಾವಿರದ ನಾನೂರು ರೂಪಾಯಿ. ನಮ್ಮ ಕೈಯಿಂದ ಹೋದದ್ದು ಎರಡೂವರೆ ಸಾವಿರ ಕೂಲಿ, ಮಾಸ್ಕು, ಪ್ಲಾಸ್ಟಿಕ್, ಟೇಪುಗಳಿಗೆ ಸಾವಿರದ ನೂರೈವತ್ತು. ಹಾಕುವ ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ, ಇಳಿಸುವ ಕೆಲಸಕ್ಕೆ ಎರಡೂವರೆ. ಹೇಳಿದರೆ ಕೇಳುತ್ತಾರೆ, ತಮ್ಮ ಅನುಭವದಿಂದ ತಿದ್ದುತ್ತಾರೆ ಎಂಬುದಕ್ಕೆ ಎರಡೂವರೆ. ಮುಂದೆ ನಿಂತು ಹೇಳುವವರಿಲ್ಲದಿದ್ದರೆ ಗ್ರೈಂಡರ್ ಚೀಲದಿಂದ ಹೊರಗೆ ಬರುತ್ತದೆ ಎಂಬುದಕ್ಕೆ ಉಳಿದದ್ದು ಕಡಿತ. ಇವರನ್ನು ಕರೆಯುವ ಬಾಡಿಗೆದಾರರು ಆ ದಿನ ರಜೆ ಹಾಕಿ ಮನೆಯಲ್ಲೇ ಇರಬೇಕು. ಹಾಗೂ ಮೇಸ್ತ್ರಿಗೆ ಚಹಾವನ್ನು ಮನೆಯಲ್ಲೇ ಮಾಡಿಕೊಡಬೇಕು.

ಇಳಿಸಿದ ಶೀಟುಗಳನ್ನು ತೇವ ಆರುವ ಮುಂಚೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪು ಬಿಗಿದು, ಮೇಲೆ ಕಪ್ಪು ಮಾರ್ಕರಿನಿಂದ ‘ಆಸ್‌ಬೆಸ್ಟಾಸ್, ಒಡೆಯಬೇಡಿ’ ಎಂದು ಬರೆದಿದ್ದೇವೆ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ಪಟ್ಟಿಯಲ್ಲಿ ಕಲ್ನಾರಿನ ಕೈಗಾರಿಕೆಯ ತ್ಯಾಜ್ಯಕ್ಕೆ ಜಾಗವಿದೆ, ಅಂಥ ತ್ಯಾಜ್ಯವನ್ನು ಹೂಳುವ ನೆಲ ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿದೆ. ನಮ್ಮ ಹಿತ್ತಲಿನಿಂದ ಅಲ್ಲಿಗೆ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಎಂಟು ಶೀಟಿಗಾಗಿ ಅಷ್ಟು ದೂರ ಗಾಡಿ ಕಟ್ಟುವವರು ಯಾರೂ ಸಿಗಲಿಲ್ಲ. ಕಸದ ಗಾಡಿಯವರು ಮುಟ್ಟಲಿಲ್ಲ, ಮುಟ್ಟದಿದ್ದದ್ದೇ ಒಳ್ಳೆಯದಾಯಿತು. ಹಾಗಾಗಿ ಎರಡು ಕಟ್ಟುಗಳು ಹಿಂದಿನ ಕಂಪೌಂಡಿಗೆ ಒರಗಿ, ತಾಡಪತ್ರಿಯ ಮುಸುಕಿನಲ್ಲಿ ಈಗಲೂ ನಿಂತಿವೆ. ಮಂಗಗಳು ಹರಿಯಬಾರದೆಂದು ಮೇಲೆ ಮುಳ್ಳಿನ ಕಂಟಿ ಹೇರಿದ್ದೇವೆ.

ಹೋದ ವಾರ ಕಾಕಾರು ಬಂದಿದ್ದರು. ಸಪ್ತಾಪುರದಲ್ಲಿ ಅವರದೊಂದು ಕಟ್ಟಡವಿದೆ. ಅದರ ಮಾಳಿಗೆಯ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಕೊಟ್ಟಿರುವ ಮೂರು ಕೋಣೆಗಳಿಗೂ ಇದೇ ಶೀಟು ಇದೆಯಂತೆ, ಅದನ್ನೂ ಇದೇ ತಂಡಕ್ಕೆ ಕೊಡುವ ವಿಚಾರದಲ್ಲಿದ್ದರು. ಮೇಸ್ತ್ರಿ ಬರೆದುಕೊಟ್ಟ ಎಸ್ಟಿಮೇಟನ್ನು ನನ್ನ ಕೈಗಿತ್ತು, ‘ನೀನ ಒಂದ ಸಲ ನೋಡವ್ವಾ’ ಎಂದರು. ಮೊದಲನೆಯ ಸಾಲಿನಲ್ಲಿಯೇ ‘ಹಳೇ ಶೀಟು ನೀರು ಹೊಡೆದು ಕೈಯಿಂದ ಇಳಿಸುವುದು’ ಎಂದು ಬರೆದು ಆರು ಸಾವಿರ ಹಾಕಿದ್ದಾರೆ. ಎರಡನೆಯ ಸಾಲು ‘ಹಳೇ ಶೀಟು ಸಾಗಣೆ’. ಅದರ ಎದುರಿನ ಜಾಗ ಖಾಲಿ ಇದೆ.